ಕೆರೆ ಏರಿ ಮೇಲೆ ಕೂಗಿದ್ದು

ಗುಬ್ಬಿಯಿಂದ ನಿಟ್ಟೂರಿಗೆ ಹೋಗುವ ಬಸ್ಸು. ನನ್ನ ಮುಂದಿನ ಸೀಟಿನಲ್ಲಿ ಅಪ್ಪ, ಕಾಲೇಜು ಓದುವ ಮಗಳು. ಅವಳು ಕಿಟಕಿ ಕಡೆ ತಿರುಗಿಕೊಂಡೇ ಮಾತಾಡುತ್ತಿದ್ದಳು.

“ನಮ್ಮ ಕೆಂಚ ಸತ್ತೋಗಿರೋದನ್ನ ಪಕ್ಕದ್ಮನೆ ಪುಟ್ಟಗಂಗಮ್ಮ ಹೇಳ್ಬೇಕಿತ್ತಾ ಅಪ್ಪ?”

“ನಾನೇ ಹೇಳೋಣ ಅಂತಿದ್ದೆ ಕಣವ್ವ.”

“ನೀನು ನಾಯಿ ಎಲ್ಲೋ ಓಡೋಗೈತೆ ಅಂದೆ.”

“ಟ್ರ್ಯಾಕ್ಟರ್ ರಿವರ್ಸ್ ತಗೊತಿದ್ದೆ. ಹಿಂದೆ ಮಲಗಿತ್ತು, ಕಾಣ್ಲಿಲ್ಲ. ಅಲ್ಲೇ ಉಸಿರು ಹೋಯ್ತು. ಯಾವ ಮುಖ ಇಟ್ಕೊಂಡು ಹೇಳ್ಲಿ?”

“ಬೇಕು ಅಂತ ಮಾಡಿದ್ದಲ್ಲ. ಅಷ್ಟೂ ನಂಗೆ ಅರ್ಥ ಆಗಲ್ವಾ?”

“ಅಳ್ತೀಯಲ್ಲ ಅಂತ…”

“ಹುಡುಕಕ್ಕೆ ಹೊರಟ್ರೆ ನೀನೇ ಗಾಡೀಲಿ ಕೂರಿಸ್ಕೊಂಡೋದೆ. ಕೆರೆ ಏರಿ ಮೇಲೆ ನಿಂತ್ಕೊಂಡು ‘ಕೆಂಚಾ, ಕೆಂಚಾ’ ಅಂತ ನನ್ಗಿಂತ ಜೋರಾಗಿ ಕೂಗ್ದೆ. ಯಾರನ್ನ ಕೂಗ್ತಿದ್ದೆ ಅಪ್ಪ?”

ಅಪ್ಪ ಟವೆಲ್‌ನಿಂದ ಕಣ್ಣೊರೆಸಿಕೊಂಡರು. ಕಂಡಕ್ಟರ್ ನಿಟ್ಟೂರು ಬಂತು ಎಂದ. ಮಗಳು ಎದ್ದಳು.

“ಎಲ್ಲಿ ಮಣ್ಣು ಮಾಡ್ದೆ?”

“ಹೊಲದ ಹುಣಸೆಮರದ ಬುಡದಲ್ಲಿ. ಬಾ, ತೋರಿಸ್ತೀನಿ.”

“ಬೇಡ. ಒಬ್ಳೇ ಹೋಗ್ತೀನಿ. ಇನ್ನೊಂದ್ಸಲ ನನ್ ಜೊತೆ ಬರ್ಬೇಡ.”

ಅವಳು ಇಳಿದು ಹೊರಟಳು. ಅಪ್ಪ ಅವಳ ಬ್ಯಾಗು ಹಿಡಿದು ಇಳಿದರು, ಆದರೆ ಹಿಂದೆ ಹೋಗಲಿಲ್ಲ.