ಕುರ್ಚಿ ಹೊಲಸಾಗ್ತದ

...ಅಯ್ಯ, ನನ್ನ ಚಿಂತಿ ಬಿಡ್ರಿ ಬಾಯೋರ, ನಾ ಹಿಂಗ ನಿಂತಿರ್ತೀನಿ. ನೀವು ಕೂಡ್ರಿ. ಹೌದ್ರಿ, ಹೆಡ್‌ಮಾಸ್ತರ ಕುರ್ಚಿ ಖಾಲಿನೇ ಅದ, ಕಾಣಸ್ತದ ನನಗೂ! ಇರ್ಲಿ ಬಿಡ್ರಿ ಅದು... ಈ ಕಡಿ ಬರ್ರಿ, ಫ್ಯಾನಿನ ಗಾಳಿ ಬರ್ತದ.

ನಾ, ನಿಮ್ಮ ಅನುಸೂಯಾ, ನಾಳೆ ಈ ಸಾಲಿಗೆ ಹೆಡ್‌ಬಾಯಿ ಆಗ್ತೀನಂತ ನಿಮಗ ಯಾರು ಹೇಳಿದ್ರು? ಅವ್ವ? ಅಕಿಗೆ ಫೋನ್ ಕೊಡಿಸಿದ್ದೇ ತಪ್ಪಾತು! ಊರಿನ ಈ ತುದಿಗೆ ವಾಕಡದಾಗ ಕುಂತು ಆ ತುದಿಗೆ ವಿಮಾನ ನಗರದಾಗ ನಿಮ್ಮ ಮನಿ ಮಟ ಸುದ್ದಿ ಮುಟ್ಟಿಸ್ಯಾಳ. ನೀವೂ ಪೇಢೆ ಹಿಡಕೊಂಡು ಬಂದೇ ಬಿಟ್ರಿ. ಕೊಡ್ರಿ ಇಲ್ಲಿ. ಶುಗರ್ ಇಟಗೊಂಡು ಪೇಢೆ ತಿಂತಾರಂತ! ಯಾಕ ನಗ್ತೀರಿ? ನಾವು ಸಾಲಿ ಹುಡುಗರಿದ್ದಾಗ ನಮ್ಮ ಕಿಸೆದಾಗಿನ ಪೇರಲಕಾಯಿ ಕಸಗೊಳ್ತಿದ್ರಿ, ಈಗ ನನ್ನ ಪಾಳಿ.

ಏ ಏ... ಕನ್ನಡಕಕ್ಕ ಕೈ ಹಾಕಬ್ಯಾಡ್ರಿ! ಇದೇ ಸಾಲ್ಯಾಗ ಅಷ್ಟು ವರ್ಷ ಹೆಡ್‌ಬಾಯಿ ಇದ್ರಿ, ಒಬ್ಬರಿಗೂ ಹೊಡೀಲಿಲ್ಲ. ಕನ್ನಡಕ ತೆಗೆದು ಟೇಬಲ್ ಮ್ಯಾಲೆ ಇಟ್ಟು ಸುಮ್ಮನ ಕೂಡ್ತಿದ್ರಿ. ಮುಗೀತು! ಕಿಡಕಿ ಗಾಜು ಒಡೆದಾವ ಒಪ್ಪಿಕೊಳ್ತಿದ್ದ, ಒಡೀದಾವನೂ ಒಪ್ಪಿಕೊಳ್ತಿದ್ದ! ನಾನೂ ಅದನ್ನ ಕಲ್ತೀನ್ರಿ. ಇಲ್ಲೇ ಹೆಡ್‌ಮಾಸ್ತರ ಕೈಕೆಳಗ ಸುಪರ್‌ವೈಸರ್ ಆದಾಗ ನಂಬರ್ ಇಲ್ಲದ ಕನ್ನಡಕ ಕೊಂಡೆ, ಬರೇ ತೆಗೆದಿಡಾಕ. ತೆಗೆದಿಟ್ಟ ಮ್ಯಾಲೂ ಎಲ್ಲಾ ನೆಟ್ಟಗ ಕಾಣ್ತಿದ್ದಕ್ಕ ನನಗೇ ನಗು ಬರ್ತಿತ್ತು.

ಅವ್ವ ನಿಮ್ಮ ಸುದ್ದಿ ಇನ್ನೂ ಹೇಳ್ತಾಳ. ಸಾಲ್ಯಾಗ ನನ್ನ ಹೆಸರು ಹಚ್ಚಾಕ ಕಟ್ಟಡದ ಕೆಲಸದಿಂದ ಹಂಗೇ ಬಂದಿದ್ಲಲ್ಲ, ಸೀರಿ ತುಂಬ ಸಿಮೆಂಟು. ನೀವು ಕೂಡು ಅಂದ್ರಿ. ಅಕಿ, "ಒಲ್ಲೆರಿ, ಕುರ್ಚಿ ಹೊಲಸಾಗ್ತದ" ಅಂದ್ಲು. ನೀವೂ ಎದ್ದು ನಿಂತ್ರಿ! ದಿನ ತುಂಬಿದ ಬಸುರಿ ನೀವು, ಎದುರಿಗೆ ಅಕಿ... ಇಬ್ಬರೂ ನಿಂತೇ ಮಾತು. ಕಡಿಗೆ ಅವ್ವನೇ ಸೋತ್ಲು. "ಅವರ ಹೊಟ್ಟಿ ನೋಡಲಾರದ ಕುಂತೆ" ಅಂತಾಳ. ಅವ್ವನ್ನ ಕುರ್ಚಿ ಮ್ಯಾಲೆ ನಾ ನೋಡಿದ್ದು ಅವತ್ತೇ ಮೊದಲು. ಅವತ್ತೇ ಅನಿಸ್ತು ನನಗ, ಏನರೆ ಆದ್ರ ಈ ಬಾಯಿಯವರಂಗ ಆಗಬೇಕು.

ಹಾಂ? ನಾಳೆ... ನಾಳೆ ಸಾಲಿ ಕಮಿಟಿ ಸಭಾ ಅದಲ್ರಿ. ಸೇವಾ ಹಿರಿತನ ನಂದೇ. ನಾನೇ ಎದ್ದು ಒಲ್ಲೆ ಅನ್ನೋ ಮಟ ಆ ಕುರ್ಚಿಗೆ ಬ್ಯಾರೆಯವರನ್ನ ಕೂಡಿಸಾಕ ಬರೂದಿಲ್ಲ. ಕಾಯ್ದೆನೇ ಹಂಗದ.

ನನ್ನ ನಂತರದ ಪಾಳಿ ಶರ್ವರಿ ಟೀಚರದು, ಅಕಿನೂ ಚಲೋ ಹುಡುಗಿ ಬಿಡ್ರಿ. ಕಮಿಟಿ ಚೇರ್ಮನ್ ಸಿದ್ರಾಮಪ್ಪನವರ ಸೊಸಿ. ಇಂಗ್ಲಿಷು, ಕಂಪ್ಯೂಟರು... ಅಲ್ಲ, ಸುಮ್ಮನ ಹೇಳಿದೆ. ನನಗೂ ಮನಿ ಕೆಲಸ ಭಾಳ. ಅವ್ವಗ ವಯಸ್ಸಾತು, ಬಿಪಿ...

ತೆಗೆದ್ರ್ಯಾ ಕನ್ನಡಕ? ಹಾಕ್ಕೋರಿ, ಬಾಯೋರ. ಚ್ಯಾಷ್ಟಿ ಸಾಕು.

ಟೇಬಲ್ ಮ್ಯಾಲೆ ಇಟ್ಟೇ ಬಿಟ್ರಿ...

ಹೌದು! ಒಲ್ಲೆ ಅಂತೀನಂತ ಮಾತು ಕೊಟ್ಟೀನಿ. ಯಾರೂ ಹೆದರಿಸಿಲ್ರಿ. ಹೆದರಿಸಿದ್ರ ಜಗಳಾನೇ ತೆಗೀತಿದ್ದೆ. ಚೇರ್ಮನ್ನರು ಚಹಾ ಕುಡಿಸಿ ಕೇಳಿದ್ರು. "ಅನುಸೂಯಾಬಾಯಿ, ಈಗ ದೊಡ್ಡ ದೊಡ್ಡ ಫ್ಲ್ಯಾಟಿನ ಪಾಲಕರು ಬರ್ತಾರ. ನಿಮ್ಮ ತಾಯಿ ಏನು ಕೆಲಸ ಮಾಡ್ತಿದ್ರು ಅಂತ ಯಾರರೆ ಕೇಳಿದ್ರ ನಿಮಗೇ ಮುಜುಗರ, ಅಲ್ಲೇನು?" ಆ ಫ್ಲ್ಯಾಟಿಗೆಲ್ಲ ಉಸುಕು ಹೊತ್ತಾಕಿ ನಮ್ಮವ್ವರೀ ಅನ್ನಬೇಕಿತ್ತು! ಅವರ ಮಾರಿಗೆ ಹೊಡದಂಗ ಅನ್ನಬೇಕಿತ್ತು. ನಾ ಹೂಂ ಅಂದೆ. ಹೂಂ ಅಂದು, ಚಹಾ ಚಲೋ ಆಗೇದ್ರಿ ಅಂತನೂ ಅಂದೆ!

ಅವ್ವಗ ಹೇಳಿಲ್ಲ. ನಾಳೆ ತಾನೂ ಬರ್ತೀನಂತ ಸೀರಿ ಇಸ್ತ್ರಿ ಮಾಡಿಸ್ಯಾಳ.

ಯಾಕ ಎದ್ರಿ? ಹೊಂಟ್ರ್ಯಾ? ಸಿಟ್ಟಾತೇನು?... ಹೊಂಡೂದಿಲ್ಲ? ಮತ್ತ ಯಾಕ ನಿಂತೀರಿ? ಕೂಡ್ರಿ, ಮಂಡಿ ಬಾತಾವ ನಿಮ್ಮವು.

ಓ.

ನಾ ಕೂಡೋ ಮಟ ಕೂಡೂದಿಲ್ಲೇನು? ಆ ಹೆಡ್‌ಮಾಸ್ತರ ಕುರ್ಚಿ ಮ್ಯಾಲೇನಾ?

ಅವ್ವಗ ಹೊಟ್ಟಿ ತೋರಿಸಿದ್ರಿ, ನನಗ ಮಂಡಿ ತೋರಿಸ್ತೀರಿ... ಭಾಳ ಮೋಸಗಾತಿ ರೀ ನೀವು! ತಡೀರಿ, ಕುರ್ಚಿ ಹಿಡಕೋರಿ, ಬಿದ್ದಗಿದ್ದೀರಿ... ಬಂದೆ, ಬಂದೆ.

ಹೊಲಸಾದ್ರ ಆಗ್ಲಿ ಬಿಡ್ರಿ ಕುರ್ಚಿ.