ಗಿರಣಿ ದವಾಖಾನೆಯ ಹೆಸರುಗಳು

ಅಳಬೇಡ ಅಂತ ನಾನೆಲ್ಲಿ ಹೇಳ್ದೆ ಬಸೀಮಾ? ಅಳು... ಅತ್ತು ಹಗುರಾಗು. ಆದ್ರೆ ಆ ಕಾಗದ ಮಡಚಿಡೇ, ಅದನ್ನೇ ಎಷ್ಟು ಸಲ ಓದ್ತೀಯ! ‘ಅನಾರೋಗ್ಯದ ಕಾರಣ ಕೆಲಸದಿಂದ ಬಿಡುಗಡೆ.’ ಬಿಡುಗಡೆಯಂತೆ! ಇಷ್ಟು ದಿನ ಜೈಲಲ್ಲಿದ್ಲು ನೋಡಿ ಇವಳು!

ಚಹಾ ಬೇಡ ಕಣೇ. ಬೇಡ ಅಂದ್ನಲ್ಲ... ಸರಿ, ಅರ್ಧ ಲೋಟ. ಸಕ್ಕರೆ ಮುಂದಿಡು.

ಸರ್ಕಾರದ ಗಿರಣಿ ಆಗಿದ್ದಾಗ ಇಂಥ ಮಾತು ಬರೆಯೋಕೆ ಯಾವನಿಗೆ ಧೈರ್ಯ ಇತ್ತು ಹೇಳು? ಹತ್ತಿ ಧೂಳು ಕುಡಿಯೋರಿಗೆ ಅಂತ ದಿನಾ ಹಾಲು ಕೊಡ್ತಿದ್ರು. ನಿನ್ನ ವಹೀದ್ ಹೆಜ್ಜೆ ಇಡೋಕೆ ಕಲಿತಿದ್ದೇ ಗಿರಣಿ ಶಿಶುವಿಹಾರದಲ್ಲಿ! ಈಗ ಅದಕ್ಕೆ ಬೀಗ. ನಮ್ಮ ದವಾಖಾನೆ ಬಾಗಿಲಲ್ಲಿ ಕಾವಲುಗಾರ. ಇಪ್ಪತ್ತೆರಡು ವರ್ಷ ಅಲ್ಲಿ ನರ್ಸಾಗಿ ದುಡಿದ ನನ್ನ ಕೈಚೀಲಾನೂ ತಡಕ್ತಾನೆ ಕಣೇ! ಮೊನ್ನೆ ಹೊಸ ಧಣಿಗಳ ಕಡೆಯವನು ಕೈರೋದಿಂದ ಬಂದ. ರೋಗಿಗಳ ಕಡತದ ಮೇಲೆಲ್ಲ ಬೆರಳಾಡಿಸಿ, “ಸಿಸ್ಟರ್ ಇನ್ಶಿರಾಹ್, ನಾವು ಕೊಂಡಿದ್ದು ಗಿರಣೀನೋ ಆಸ್ಪತ್ರೇನೋ?” ಅಂತ ನಕ್ಕ.

ಯಾಕೆ ಹುಬ್ಬು ಗಂಟು ಹಾಕ್ತೀಯ? ಇಲ್ಲ... ಅಷ್ಟೇ ಅಂದು ಹೋದ.

ನೋಡು, ಈ ಗಿರಣಿ ಮನೆ ಖಾಲಿ ಮಾಡಿ ಅಂದ್ರೂ ತಕ್ಷಣ ಮಾಡಬೇಡ. ಆದ್ರೆ ಕೋರ್ಟು ಗೀರ್ಟು ಬೇಡ ಕಣೇ. ಅಲ್ಲಿ ಯಾರ ಬರಹ, ಯಾರ ಸಹಿ ಅಂತೆಲ್ಲ ಕೆದಕ್ತಾರೆ... ಸುಮ್ನೆ ಅಲೆದಾಟ ಅಂದೆ ಅಷ್ಟೆ. ಬಂಡೆಗೆ ತಲೆ ಚಚ್ಚಿಕೊಂಡ್ರೆ ಬಂಡೆಗೇನು ನೋವು? ನಿನ್ನ ಪಾಳಿಯ ಸಬಾಹ್, ನಜಾತ್, ಆ ಬಡಪಾಯಿ ಇಹ್ಸಾನ್... ಹನ್ನೊಂದು ಜನಕ್ಕೂ ನಾನು ಇದನ್ನೇ...

ಯಾಕೆ ಹಾಗೆ ನೋಡ್ತೀಯ?

ಹೌದು... ಅವರಿಗಿನ್ನೂ ಕಾಗದ ಬಂದಿಲ್ಲ. ನಾಳೆ ಬರುತ್ತಂತೆ. ಯಾರೋ ಅಂದ್ರು. ಯಾರು ಅಂದ್ರೆ... ಅಯ್ಯೋ, ಮಾತಾಡೇ! ಬೈಯಿ, ಚಪ್ಪಲಿ ತಗೋ!

...ಆ ಕೈರೋದವನು ಹೋಗಲಿಲ್ಲ, ಕುರ್ಚಿ ಎಳ್ಕೊಂಡು ಕೂತ, ಬಸೀಮಾ. “ಎದೆರೋಗದವರ ಹೆಸರು ನೀವು ಬರೀತೀರೋ, ನಿಮ್ಮ ಹೆಸರು ನಾನು ಬರೀಲೋ?” ಅಂದ. ನನ್ನ ಗಂಡನ ಡಯಾಲಿಸಿಸ್ ನಡೀತಿರೋದೇ ಗಿರಣಿ ಕಾರ್ಡಿನ ಮೇಲೆ. ಅದು ಹೋದ್ರೆ ಅವನು ಹದಿನೈದು ದಿನ ಉಳಿತಾನಾ? ನಿನ್ನ ಹೆಸರು ಎಲ್ಲರಿಗಿಂತ ಕೊನೇಲಿ ಬರೆದೆ ಕಣೇ. ಅವರು ಪಟ್ಟೀನ ಕೆಳಗಿನಿಂದ ಶುರುಮಾಡ್ತಾರೆ ಅಂತ ನಂಗೇನು ಗೊತ್ತು...

ಮೆಟ್ಟಿಲಲ್ಲಿ ಯಾರದು ಮಾತು? ನಜಾತ್... ಇಹ್ಸಾನ್... ಪಾಳಿ ಮುಗಿಸಿ ನಿನ್ನ ಸಮಾಧಾನ ಮಾಡೋಕೆ ಬರ್ತಿದಾರೆ. ಬಸೀಮಾ, ನನ್ನಾಣೆ, ಅವರಿಗೆ ಹೇಳಬೇಡ... ಎಲ್ಲಿಗೆ ಹೊರಟೆ? ಚಿಲಕ ಬಿಡು... ತೆಗೀಬೇಡ ಕಣೇ... ಬಸೀಮಾ!