ಹದಿನಾಲ್ಕನೇ ಬಟ್ಟಲು

“ಹಲೋ… ಹಾಂ, ಕೇಳಿಸ್ತಿದೆ, ಆದ್ರೆ ಯಾರು ಮಾತಾಡ್ತಿರೋದು? ಈ ನಂಬರ್ ನನ್ನ ಹತ್ರ ಇಲ್ಲ… ಏನಂದ್ರಿ? ಮೂಸುಬೆಕ್ಕಾ? … ಸರಿ ಬಿಡು, ಗೊತ್ತಾಯ್ತು. ಐವತ್ತು ದಾಟಿದ ಹೆಂಗಸನ್ನ ಮೂಸುಬೆಕ್ಕು ಅಂತ ಕರೆಯೋನು ಪ್ರಪಂಚದಲ್ಲಿ ಒಬ್ಬನೇ. ಹೇಳು ಅಣ್ಣ.”

ಕಾಫಿಯ ರುಚಿ ನೋಡಿ ಅಂಕ ಕೊಡುವುದೇ ಅವಳ ಉದ್ಯೋಗ. ಬೆಳಗಿನಿಂದ ಒಂದೊಂದು ಬಟ್ಟಲಿಗೂ ಚಮಚ ಅದ್ದಿ, ಸೊರ್ರೆಂದು ಹೀರಿ, ಬಾಯಲ್ಲೆಲ್ಲ ಆಡಿಸಿ, ಪಕ್ಕದ ಡಬ್ಬಕ್ಕೆ ಉಗುಳಿ ಮುಗಿಸಿದ್ದಳು. ಈಗ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಚಮಚ ತೊಳೆಯುತ್ತಿದ್ದಳು. ತೋಟ ನೋಡಿಕೊಳ್ಳುವ ಅಣ್ಣ ಅವಳಿಗೆ ಫೋನ್ ಮಾಡುವುದು ವರ್ಷಕ್ಕೆರಡು ಸಲ. ಎರಡು ಸಲವೂ ಜಗಳಕ್ಕೆ.

“ಕಾಗದ ಬಂತಾ? … ನೂರಕ್ಕೆ ಎಪ್ಪತ್ನಾಲ್ಕು. ಹಾಂ, ಸರಿಯಾಗೇ ಓದಿದ್ದೀಯ… ಅಚ್ಚಿನ ತಪ್ಪಲ್ಲ ಅಣ್ಣ. ತಿರುಗಿಸಿ ಓದಿದ್ರೆ ನಲವತ್ತೇಳಾಗತ್ತೆ, ಅದು ಇನ್ನೂ ಕಷ್ಟ.”

“… ನಾನೊಬ್ಬಳೇ ಅಲ್ಲ, ಮೂರು ಜನ ನೋಡಿದ್ದು. ಬಟ್ಟಲ ಮೇಲೆ ಬರೀ ನಂಬರ್ ಇರತ್ತೆ. ನಿಂದು ಒಂಬತ್ತು. ಅಂಕ ಕೊಟ್ಟಾದ್ಮೇಲೆ, ಹೆಸರಿನ ಚೀಟಿ ಬಿಚ್ಚಿದಾಗ್ಲೇ ಗೊತ್ತಾಗಿದ್ದು, ಅದು ನನ್ನ ಒಡಹುಟ್ಟಿದವನದ್ದು ಅಂತ… ಮೊದಲೇ ಗೊತ್ತಿದ್ರಾ? ಎಪ್ಪತ್ತೆರಡು ಕೊಡ್ತಿದ್ದೆ.”

“… ಹೌದು, ಎಂಬತ್ತು ಮುಟ್ಟಿದ್ರೆ ಸ್ಪೆಷಾಲ್ಟಿ ಕಾಫಿ, ಮುಟ್ಟದಿದ್ರೆ ಸಾಧಾರಣ… ಆರು ಅಂಕ ಮೇಲೆ ಹಾಕೋದಾ? ತರಕಾರಿ ಅಂಗಡಿ ಕೊಸರು ಅಂತ ತಿಳ್ಕೊಂಡಿದ್ದೀಯಾ ಇದನ್ನ?”

“… ಯಾಕೆ, ಏನು ಮಾಡ್ಕೊಂಡಿದ್ದೀಯ? … ಚೀಲ ಅಚ್ಚು ಹಾಕಿಸಿಬಿಟ್ಯಾ? ಫಲಿತಾಂಶ ಬರೋಕೆ ಮುಂಚೆನೇ? … ಸ್ಪೆಷಾಲ್ಟಿ ಅಂತ ದಪ್ಪಕ್ಷರದಲ್ಲಿ! ಫೋಟೋ ಬೇರೆ! ಯಾರದ್ದು, ಗಿಡದ್ದಾ? … ನಿಂದಾ! ಮೀಸೆ ಸಮೇತ? … ಅಯ್ಯೋ, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋರನ್ನ ನೋಡಿದ್ದೆ. ಕುಲಾವಿಗೆ ತನ್ನ ಮುಖನೇ ಹೊಲಿಸ್ಕೊಂಡೋನನ್ನ ಇವತ್ತೇ ನೋಡಿದ್ದು.”

ಅವಳು ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಸ್ಟೂಲಿನ ಮೇಲೆ ಆರಾಮವಾಗಿ ಕುಳಿತಳು. ಇಂಥ ಜಗಳವನ್ನು ನಿಂತುಕೊಂಡು ಆಡುವುದು ಅವಳಿಗೆ ಇಷ್ಟವಿರಲಿಲ್ಲ.

“ಏನು ಅಂಥಾ ವ್ಯತ್ಯಾಸ ಅಂತ ನನ್ನ ಕೇಳ್ತೀಯಾ? ಮೂವತ್ತು ವರ್ಷ ಕಾಫಿ ಬೆಳೆದೋನು ನೀನು! … ಸರಿ, ನೀನು ಹೇಗೆ ಕೊಯ್ಯಿಸ್ತೀಯ ಹೇಳು… ಹಾಂ, ಕೊಂಬೆ ಹಿಡಿದು ಒಂದೇ ಎಳೆತ. ಕೆಂಪು, ಹಸಿರು, ಒಣಗಿದ್ದು, ಎಲೆ, ಇರುವೆ, ಎಲ್ಲಾ ಒಂದೇ ಚೀಲಕ್ಕೆ. ಆಮೇಲೆ ಅಂಗಳದಲ್ಲಿ ಗುಡ್ಡೆ. ನಿನ್ನ ನಾಯಿ ಅದರ ಮೇಲೇ ಮಲಗಿರತ್ತೆ, ನಾನೇ ಕಣ್ಣಾರೆ ನೋಡಿದ್ದೀನಿ… ಇಲ್ಲ, ನಾಯಿದೇನೂ ತಪ್ಪಿಲ್ಲ.”

“… ಅದನ್ನ ಕರ್ರಗೆ ಹುರಿದು, ಹಾಲು ಸಕ್ಕರೆ ಸುರಿದ್ರೆ ಚೆನ್ನಾಗೇ ಇರತ್ತೆ. ನಾನೂ ಮನೇಲಿ ಅದನ್ನೇ ಕುಡಿಯೋದು. ಸಾಧಾರಣ ಅನ್ನೋದು ಬೈಗುಳ ಅಲ್ಲ ಅಣ್ಣ. ಆದ್ರೆ ಈ ಮೇಜಿನ ಮೇಲೆ ಹಾಲೂ ಇಲ್ಲ, ಸಕ್ಕರೆನೂ ಇಲ್ಲ, ಬರೀ ಬಿಸಿನೀರು. ಬೀಜಕ್ಕೆ ಯಾರು ಏನೇನು ಮಾಡಿದ್ರೋ ಎಲ್ಲಾ ಬಾಯಿ ಬಿಡತ್ತೆ.”

“… ಮುನ್ನೂರೈವತ್ತು ಗ್ರಾಂ ಹಸಿ ಬೀಜ ಹರಡಿ ನೋಡ್ತೀವಿ. ಪೂರ್ತಿ ಕಪ್ಪಾಗಿರೋದು ಒಂದೂ ಇರೋ ಹಾಗಿಲ್ಲ. ನಿಂದ್ರಲ್ಲಿ ಹನ್ನೊಂದು. ಜೊತೆಗೆ ಒಂದು ಅಂಗಿ ಗುಂಡಿ, ನೀಲಿದು… ನಿಂದೇನಾ? ಎಲ್ಲಿ ಬಿತ್ತು ಅಂತ ಹುಡುಕ್ತಿದ್ಯಾ? ಇಟ್ಟಿದ್ದೀನಿ, ಕಳಿಸ್ತೀನಿ. ಗುಂಡಿಗೆ ಅಂಕ ಕೊಡೋ ಪದ್ಧತಿ ಇಲ್ಲಿಲ್ಲ.”

“… ರುಚಿನಾ? ಒದ್ದೆ ಗೋಣಿಚೀಲ. ಸರಿಯಾಗಿ ಒಣಗದೆ ಬೂಷ್ಟು ಹಿಡಿದಿದೆ… ನಿನ್ನ ಬಾಯಿಗೆ ಅಮೃತದ ಹಾಗಿರ್ಬಹುದು. ಹೆತ್ತವರಿಗೆ ಹೆಗ್ಗಣ ಮುದ್ದು. ನಾನು ಹೆತ್ತಿಲ್ವಲ್ಲ.”

ಅಣ್ಣ ಆ ಕಡೆಯಿಂದ ಕೂಗಾಡುತ್ತಿದ್ದ. ಅವಳು ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ಕಾದಳು. ಹೆಸರಿನ ಚೀಟಿ ಬಿಚ್ಚಿ ನಾಲ್ಕು ದಿನವಾಗಿತ್ತು. ಅಂದಿನಿಂದ ಒಂದು ಮಾತು ಅವಳ ನಾಲಗೆಯ ತುದಿಯಲ್ಲೇ ಕುಣಿಯುತ್ತಿತ್ತು. ಒಬ್ಬರ ಅಂಕ ಇನ್ನೊಬ್ಬರಿಗೆ ಹೇಳಬಾರದೆಂಬ ನಿಯಮವೊಂದು ಅಡ್ಡ ಬಂದಿತ್ತು, ಅಷ್ಟೆ.

“ಆಯ್ತಾ? … ಅಣ್ಣ, ಆ ಲಕೋಟೆ ಜೊತೆ ಇನ್ನೊಂದು ಬಂದಿರ್ಬೇಕಲ್ಲ? … ಮೇಜಿನ ಮೇಲೇ ಇದ್ಯಾ? ಯಾರ ಹೆಸರಿದೆ ಓದು… ಹಾಂ, ಅತ್ತಿಗೆ ಹೆಸರೇ… ಅವರಿಗ್ಯಾರು ಕಾಗದ ಬರೀತಾರೆ ಅಂದ್ರೆ? ನಾವೇ ಬರೆದಿದ್ದು… ಬೇಡ, ನೀನು ಒಡೀಬೇಡ. ಅವರನ್ನ ಕರೆದು ಅವರ ಕೈಗೆ ಕೊಡು.”

ದೂರದಲ್ಲಿ ಕುರ್ಚಿ ಸರಿದ ಸದ್ದು, ಕಾಗದ ಹರಿದ ಸದ್ದು.

“ಹಲೋ? ಇದ್ದೀಯಾ? … ಎಷ್ಟಂತೆ? … ಎಂಬತ್ತಾರು. ಇದೂ ಅಚ್ಚಿನ ತಪ್ಪಲ್ಲ… ಯಾವ ಗಿಡ ಅಂತ ನನಗೇನು ಗೊತ್ತು, ಅವರನ್ನೇ ಕೇಳು… ಹಿತ್ತಲಿಂದಾ? ಆ ನಲವತ್ತು ಮುದಿ ಗಿಡನಾ? ಕಡಿದು ಒಲೆಗೆ ಹಾಕ್ತೀನಿ ಅಂತ ವರ್ಷಾವರ್ಷ ಹೇಳ್ತಿದ್ಯಲ್ಲ, ಅವೇನಾ? … ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆ ಮಾಡಿದೋರು ನಿನ್ನ ನೋಡೇ ಮಾಡಿರ್ಬೇಕು… ನಂಬೋಕಾಗ್ತಿಲ್ವಾ? ಹಾಗಾದ್ರೆ ಬೆಳೆದೋರ ಕೈಗೆ ಫೋನ್ ಕೊಡು.”

“… ಅತ್ತಿಗೆ! ಅಳ್ತಿದ್ದೀರಾ? … ನಗ್ತಿದ್ದೀರಾ? … ಎರಡೂನಾ, ಸರಿ… ಮೊದಲೇ ಯಾಕೆ ಬಾಯಿ ಬಿಡ್ಲಿಲ್ಲ? … ಹೌದೌದು, ಊರಿಗೆಲ್ಲಾ ಹೇಳ್ಕೊಂಡು ನಗ್ತಿದ್ದ… ಪೂರ್ತಿ ಹಣ್ಣಾದದ್ದನ್ನೇ ಬಿಡಿಸಿದ್ರಾ? ಒಂದೊಂದೇ? … ಒಂದೇ ಗಿಡದ ಹತ್ರ ಎಂಟು ಸಲ ಹೋದ್ರಾ! … ಹಳೇ ಮಂಚಕ್ಕೆ ಸೊಳ್ಳೆಪರದೆ ಬಿಗಿದು, ಅದರ ಮೇಲೆ ಹರಡಿ… ಗಂಟೆಗೊಂದ್ಸಲ ಕೈಯಾಡಿಸ್ತಾ… ಅವನೇನಂದ? ‘ಮಗೂಗೆ ಜೋಗುಳನೂ ಹಾಡು’ ಅಂದ್ನಾ? …”

“… ಏನು? … ಇಲ್ಲ ಅತ್ತಿಗೆ… ನಿಮ್ಮ ಮೇಲಿನ ಕರುಣೆಗೆ ಅಂಕ ಕೊಟ್ನಾ ನಾನು? ಅತ್ತಿಗೆ ಅನ್ನೋ ದಾಕ್ಷಿಣ್ಯಕ್ಕಾ? … ಛೆ.”

ಅವಳ ದನಿಯಲ್ಲಿದ್ದ ಕೊಂಕು ತಟ್ಟನೆ ಇಳಿಯಿತು. ಮೂವತ್ತು ವರ್ಷ ಆ ಮನೆಯಲ್ಲಿ ಒಂದು ಒಳ್ಳೆಯ ಮಾತನ್ನೂ ಕೇಳದ ಹೆಂಗಸಿಗೆ, ಮೊದಲ ಸಲ ಬಂದ ಒಳ್ಳೆಯ ಮಾತು ಸುಳ್ಳಿರಬಹುದೆಂದೇ ಅನ್ನಿಸಿತ್ತು.

“ಕೇಳಿ ಇಲ್ಲಿ. ಅವತ್ತು ನಾನು ಮೂವತ್ತೆಂಟು ಬಟ್ಟಲು ನೋಡಿದೆ. ಎಲ್ಲಾ ಉಗುಳ್ಲೇಬೇಕು, ನುಂಗಿದ್ರೆ ಸಂಜೆಗೆ ಕೈ ನಡುಗತ್ತೆ. ಹದಿನಾಲ್ಕನೇದನ್ನ ಉಗುಳೋಕೆ ಮನಸ್ಸಾಗ್ಲಿಲ್ಲ. ನುಂಗಿದೆ. ಯಾರೂ ನೋಡ್ದೇ ಇದ್ದಾಗ ಇನ್ನೊಂದು ಚಮಚ ತಗೊಂಡೆ. ಮೊದಲು ಕಿತ್ತಳೆ ಸಿಪ್ಪೆ, ಆಮೇಲೆ ಬೆಲ್ಲ, ತಣ್ಣಗಾದ್ರೂ ಕೆಡಲಿಲ್ಲ… ಯಾರದ್ದು ಅಂತ ಆಗ ದೇವರಾಣೆಗೂ ಗೊತ್ತಿಲ್ಲ. ಉಳಿದಿಬ್ಬರು ನನಗಿಂತ ಒಂದು ಅಂಕ ಜಾಸ್ತಿನೇ ಕೊಟ್ಟಿದ್ದಾರೆ. ಜಿಪುಣಿ ಆಗಿದ್ದು ನಾನೇ… ಅಳ್ಬೇಡಿ ಅತ್ತಿಗೆ.”

“… ಹಾಂ? ಫೋನ್ ಕಿತ್ಕೊಂಡ್ಯಾ? ಹೇಳು… ಎರಡನ್ನೂ ಕಲಸೋದಾ? ಎಪ್ಪತ್ನಾಲ್ಕೂ ಎಂಬತ್ತಾರೂ ಸೇರಿಸಿ ಅರ್ಧ ಮಾಡಿದ್ರೆ ಸರಿಯಾಗಿ ಎಂಬತ್ತು! ಎಂಥಾ ಬುದ್ಧಿ, ಎಲ್ಲಿಟ್ಟಿದ್ದೆ ಇಷ್ಟು ದಿನ? … ಅಣ್ಣ, ಹಾಲಿಗೆ ಹುಳಿ ಹಿಂಡಿದ್ರೆ ಅರ್ಧ ಹಾಲು ಉಳಿಯಲ್ಲ, ಪೂರ್ತಿ ಒಡೆಯತ್ತೆ… ಖರೀದಿಯವರು ಗುರುವಾರ ಬರ್ತಾರೆ. ಅತ್ತಿಗೆ ಹತ್ರ ಮಾತಾಡೋಕೆ. ನೀನು ಕುರ್ಚಿ ಹಾಕು.”

“… ಮುಂದಿನ ವರ್ಷಕ್ಕೆ? ನನ್ನ ಕೇಳಿದ್ರೆ? ನಾನು ಕುಡಿದು ಉಗುಳೋಳು, ಬೆಳೆಯೋಳಲ್ಲ. ಗೊತ್ತಿರೋರು ನಿನ್ನ ಪಕ್ಕದಲ್ಲೇ ನಿಂತಿದ್ದಾರೆ… ಕೇಳೋಕೆ ನಾಚಿಕೆನಾ? ದಿನಾ ‘ಊಟಕ್ಕೇನು’ ಅಂತ ಕೇಳೋಕೆ ಇಲ್ಲದ ನಾಚಿಕೆ ಇದಕ್ಯಾಕೆ? … ಅಣ್ಣ? … ಅಣ್ಣಾ?”

ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

“… ಹಾಂ, ಅತ್ತಿಗೆ… ಯಾಕೆ ಪಿಸುಗುಟ್ತಿದ್ದೀರಾ? … ಏನು ಮಾಡ್ತಿದ್ದಾನೆ? … ಹಾಳೆ ಹರ್ಕೊಂಡು ಪೆನ್ನು ಹುಡುಕ್ತಿದ್ದಾನಾ? ಚೆನ್ನಾಗಿ ನೋಡಿ, ನಮ್ಮಣ್ಣನೇ ತಾನೇ? … ‘ಮೊದಲಿಂದ ಹೇಳು’ ಅಂದ್ನಾ? ಹಾಗೇ ಅಂದ್ನಾ? … ಹೇಳಿ, ಹೇಳಿ. ಆದ್ರೆ ಅತ್ತಿಗೆ, ಒಂದೇ ದಿನಕ್ಕೆ ಎಲ್ಲಾ ಹೇಳಿ ಮುಗಿಸ್ಬೇಡಿ. ಸ್ವಲ್ಪ ಕಾಯಿಸಿ. ಅವನೂ ಹಣ್ಣಾಗ್ಬೇಕಲ್ಲ… ಹಲೋ? … ಹಲೋ, ಅತ್ತಿ—”